ಸಾಕುಬೆಕ್ಕಿನ ಜೀರ್ಣಾಂಗ ಮಾದರಿ: ಮುಕ್ಕಾಲು ಬೆಕ್ಕು, ಕಾಲು ನಾಯಿ

ಸಾಕುಬೆಕ್ಕಿನ ಜೀರ್ಣಾಂಗ ವ್ಯೂಹವನ್ನು ಬಾಯಿಯಿಂದ ಗುದದವರೆಗೆ ತೋರಿಸುವ, ಬಿಡಿಸಿ ಜೋಡಿಸಬಹುದಾದ ಮಾದರಿಯೊಂದನ್ನು ಮೈಸೂರಿನ ಪ್ರಯೋಗಾಲಯ ಸಾಮಗ್ರಿಗಳ ಅಂಗಡಿಯ ಮೂಲಕ ನಮ್ಮ ಪ್ರಾಣಿಶಾಸ್ತ್ರ ವಿಭಾಗಕ್ಕೆ ತರಿಸಿಕೊಂಡಿದ್ದೆವು. ಒಂದು ಸೆಮಿಸ್ಟರ್ ಪೂರ್ತಿ ಅದು ವಿದ್ಯಾರ್ಥಿಗಳ ಕೈಯಲ್ಲಿ ಓಡಾಡಿದೆ. ಇಂಥದ್ದನ್ನು ಕೊಳ್ಳುವ ಆಲೋಚನೆಯಲ್ಲಿರುವ ಬೇರೆ ಕಾಲೇಜುಗಳಿಗೂ, ಮೇಜಿನ ಮೇಲೊಂದು ಮಾದರಿಯಿದ್ದರೆ ಬೆಕ್ಕು ಸಾಕಿದವರಿಗೆ ವಿವರಿಸಲು ಸುಲಭವೆಂದು ಭಾವಿಸಿರುವ ಪಶುವೈದ್ಯರಿಗೂ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ. ಇದೇ ಅಚ್ಚಿನ ಮಾದರಿ ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಮಾರಾಟವಾಗುವುದನ್ನು ಕಂಡಿರುವುದರಿಂದ ತಯಾರಕರ ಹೆಸರನ್ನು ಹೇಳಿ ಪ್ರಯೋಜನವಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಜಠರ ಮತ್ತು ಸಣ್ಣ ಕರುಳಿನ ಮಟ್ಟಿಗೆ ಇದು ನಿಜವಾಗಿಯೂ ಬೆಕ್ಕಿನ ಮಾದರಿ; ಬಾಯಿ, ಅನ್ನನಾಳ, ಪಿತ್ತನಾಳ ಕರುಳನ್ನು ಸೇರುವ ಜಾಗ ಮತ್ತು ದೊಡ್ಡ ಕರುಳಿನ ಆರಂಭ, ಈ ನಾಲ್ಕು ಕಡೆ ನಾಯಿಯ ಮಾದರಿಯನ್ನು ಕುಗ್ಗಿಸಿ ಅಂಟಿಸಿದ್ದಾರೆ. ಬೆಕ್ಕಿನ ಜೀರ್ಣಾಂಗಕ್ಕೆ ಬರುವ ವಿಶಿಷ್ಟ ತೊಂದರೆಗಳಲ್ಲಿ ಹಲವು ಇವುಗಳಲ್ಲಿ ಮೊದಲ ಮೂರು ಕಡೆ ಹುಟ್ಟುವುದರಿಂದ ಈ ದೋಷವನ್ನು ಸಣ್ಣದೆಂದು ಬಿಡುವಂತಿಲ್ಲ.

ಪದವಿ ತರಗತಿಗಳ ಪ್ರಾಣಿಶಾಸ್ತ್ರ ಪ್ರಯೋಗಾಲಯಗಳಲ್ಲಿ ಪ್ರಾಣಿಗಳನ್ನು ಕೊಯ್ದು ನೋಡುವ ಪದ್ಧತಿಯನ್ನು ಕೈಬಿಡಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2011ರ ಮಾರ್ಗಸೂಚಿಯಲ್ಲೂ 2014ರ ಸೂಚನೆಯಲ್ಲೂ ತಿಳಿಸಿದ ಮೇಲೆ, ನಮ್ಮಂಥ ವಿಭಾಗಗಳು ಮಾದರಿ, ಚಿತ್ರಪಟ ಮತ್ತು ಕಂಪ್ಯೂಟರ್ ಪರದೆಗಳನ್ನೇ ನೆಚ್ಚಿಕೊಂಡಿವೆ. ಹಿಂದಿನವರು ಕಪ್ಪೆ, ಜಿರಳೆ, ಇಲಿಗಳನ್ನು ಕೊಯ್ದು ಕಲಿತರು. ಆಗ ಪುಸ್ತಕದ ಚಿತ್ರ ತಪ್ಪಿದ್ದರೆ ಟ್ರೇಯಲ್ಲಿದ್ದ ಪ್ರಾಣಿಯೇ ಅದನ್ನು ತಿದ್ದುತ್ತಿತ್ತು. ಈಗ ಮಾದರಿ ತಪ್ಪಿದ್ದರೆ ತಿದ್ದುವವರಿಲ್ಲ. ಆದ್ದರಿಂದ ಮಾದರಿಯ ನಿಖರತೆಯ ಬಗ್ಗೆ ಮೊದಲಿಗಿಂತ ಹೆಚ್ಚು ಹಟ ಹಿಡಿಯುವುದು ನ್ಯಾಯವೆಂದೇ ನನ್ನ ಎಣಿಕೆ. ಸಾಕುಪ್ರಾಣಿಗಳ ಪಾಲನೆಯ ಬಗ್ಗೆ ನಾವು ನಡೆಸುವ ಕಿರು ಕೋರ್ಸಿಗೆ ಮಂಡ್ಯದಿಂದ ರೈಲಿನಲ್ಲಿ ಬಂದು ಹೋಗುವ ವಿದ್ಯಾರ್ಥಿಗಳೂ ಸೇರಿದ್ದಾರೆ. ಅವರಲ್ಲಿ ಬೆಕ್ಕಿಲ್ಲದ ಮನೆಯವರು ಕಡಿಮೆ, ಬೆಕ್ಕಿನ ಒಳಗನ್ನು ಕಂಡವರು ಯಾರೂ ಇಲ್ಲ.

ವಸ್ತುವಿನ ಗುಣಮಟ್ಟ ಚೆನ್ನಾಗಿದೆ. ತಲೆ, ಯಕೃತ್ತು ಮತ್ತು ಜಠರ ಗಟ್ಟಿ ಪಿವಿಸಿಯವು. ಕರುಳು ಮಾತ್ರ ಮೆತ್ತನೆಯ ಸಿಲಿಕೋನ್ ಕೊಳವೆ. ಭಾಗಗಳನ್ನು ಹಿಡಿದಿಡುವ ಅಯಸ್ಕಾಂತಗಳು ಇನ್ನೂ ಸಡಿಲವಾಗಿಲ್ಲ. ಬಣ್ಣ ತುಸು ಢಾಳಾಗಿದೆ, ಅದರಲ್ಲೂ ಪಿತ್ತಕೋಶದ ಹಸಿರು ಕಣ್ಣಿಗೆ ಹೊಡೆಯುತ್ತದೆ. ಆದರೆ ಹಿಂದಿನ ಬೆಂಚಿನವರಿಗೂ ಕಾಣುತ್ತದೆಂಬ ಕಾರಣಕ್ಕೆ ಅದನ್ನು ಆಕ್ಷೇಪಿಸುವುದಿಲ್ಲ.

ಬಾಯಿಯಿಂದ ಆರಂಭಿಸೋಣ. ಹಲ್ಲುಗಳ ಎಣಿಕೆ ಸರಿಯಾಗಿದೆ: ಮೇಲ್ದವಡೆಯಲ್ಲಿ 16, ಕೆಳದವಡೆಯಲ್ಲಿ 14, ಒಟ್ಟು 30. ನಾಯಿಗೆ 42 ಇರುವುದರಿಂದ ಇಲ್ಲಿಯಾದರೂ ತಯಾರಕರು ಬೆಕ್ಕನ್ನು ನೋಡಿದ್ದಾರೆಂದು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಹಲ್ಲುಗಳ ಆಕಾರ ಕಣ್ಣಿಗೆ ಬೀಳುತ್ತದೆ. ಬೆಕ್ಕಿನ ದವಡೆಯಲ್ಲಿ ಅರೆಯುವ ಹಲ್ಲೆಂಬುದೇ ಇಲ್ಲ. ಮೇಲಿನ ನಾಲ್ಕನೆಯ ಮುಂದವಡೆ ಹಲ್ಲು ಮತ್ತು ಕೆಳಗಿನ ಒಂದೇ ಒಂದು ದವಡೆ ಹಲ್ಲು ಒಂದರ ಪಕ್ಕ ಒಂದು ಜಾರಿ ಮಾಂಸವನ್ನು ಕತ್ತರಿಸುತ್ತವೆ. ಮೇಲಿನ ದವಡೆ ಹಲ್ಲಾದರೋ ಇದೆಯೋ ಇಲ್ಲವೋ ಎನ್ನುವಷ್ಟು ಚಿಕ್ಕದು. ಮಾದರಿಯಲ್ಲಿ ಆ ಹಲ್ಲಿಗೆ ಚಪ್ಪಟೆಯಾದ, ಗುಬುಟುಗಳಿರುವ ಮೇಲ್ಮೈಯನ್ನು ಕೊಟ್ಟಿದ್ದಾರೆ. ಅದು ನಾಯಿಯ ಹಲ್ಲು. ಬೆಕ್ಕು ಆಹಾರವನ್ನು ಅರೆಯದೆ ತುಂಡರಿಸಿ ನುಂಗುತ್ತದೆಯೆಂಬ ಮೂಲ ಸಂಗತಿಯೇ ಇದರಿಂದ ಮರೆಯಾಗುತ್ತದೆ. ಬೆಕ್ಕಿನ ಜೊಲ್ಲಿನಲ್ಲಿ ಪಿಷ್ಟವನ್ನು ಒಡೆಯುವ ಅಮೈಲೇಸ್ ಗಣನೆಗೆ ಬರುವಷ್ಟು ಇರುವುದಿಲ್ಲವಾದ್ದರಿಂದ, ಬಾಯಿಯಲ್ಲಿ ಹೆಚ್ಚು ಹೊತ್ತು ಅಗಿದು ಅದಕ್ಕೆ ಆಗಬೇಕಾದ ಲಾಭವೂ ಇಲ್ಲ.

ಲಾಲಾಗ್ರಂಥಿಗಳನ್ನು ನಾಲ್ಕು ಜೊತೆ ತೋರಿಸಿದ್ದಾರೆ. ಕೆಳದವಡೆಯ ಕೊನೆಯ ಹಲ್ಲಿನ ಒಳಮಗ್ಗುಲಲ್ಲಿ, ನಾಲಿಗೆಯ ಪಕ್ಕಕ್ಕೆ, ಸಣ್ಣ ಉಬ್ಬಿನಂತೆ ಕಾಣುವ ಮೋಲಾರ್ ಗ್ರಂಥಿಯೊಂದು ಬೆಕ್ಕಿಗೆ ಉಂಟು, ನಾಯಿಗಿಲ್ಲ; ಮಾದರಿಯಲ್ಲೂ ಇಲ್ಲ. ಬೆಕ್ಕು ಆಕಳಿಸುವಾಗ ಈ ಉಬ್ಬನ್ನು ಕಂಡು ಗಡ್ಡೆಯೆಂದು ಹೆದರುವವರು ಇರುವುದರಿಂದ ಇದನ್ನು ತೋರಿಸಿದ್ದರೆ ಪಶುವೈದ್ಯರ ಮೇಜಿಗೆ ಬಹಳ ಅನುಕೂಲವಾಗುತ್ತಿತ್ತು.

ಇವೆಲ್ಲಕ್ಕಿಂತ ನನಗೆ ನಿರಾಸೆ ತಂದದ್ದು ನಾಲಿಗೆ. ಮುಟ್ಟಿದರೆ ನುಣುಪಾಗಿದೆ. ಬೆಕ್ಕು ಕೈ ನೆಕ್ಕಿದಾಗ ಆಗುವ ಗರಗಸದಂಥ ಅನುಭವ ಯಾರಿಗೆ ಗೊತ್ತಿಲ್ಲ? ನಾಲಿಗೆಯ ನಡುಭಾಗದ ತುಂಬ ಕೆರಾಟಿನ್‌ನಿಂದಾದ, ಗಂಟಲಿನ ಕಡೆಗೆ ಬಾಗಿದ ಮುಳ್ಳುಗಳಿರುತ್ತವೆ. ಅವುಗಳ ತುದಿ ದೋಣಿಯಂತೆ ಟೊಳ್ಳಾಗಿದ್ದು ಜೊಲ್ಲನ್ನು ಹೀರಿ ಕೂದಲಿನ ಬುಡದವರೆಗೆ ಒಯ್ಯುತ್ತದೆಯೆಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಮೈ ನೆಕ್ಕಿಕೊಳ್ಳುವುದಕ್ಕೆ ಇಷ್ಟು ಚೆನ್ನಾಗಿ ಒದಗುವ ಇದೇ ಮುಳ್ಳುಗಳು ಅಪಾಯಕ್ಕೂ ದಾರಿಯಾಗುತ್ತವೆ. ಒಮ್ಮೆ ಅವಕ್ಕೆ ಸಿಕ್ಕಿದ ದಾರ ಹಿಂದಕ್ಕೇ ಸಾಗುತ್ತದೆ. ಉಗುಳಬೇಕೆಂದರೂ ಬೆಕ್ಕಿಗೆ ಸುಲಭವಾಗಿ ಸಾಧ್ಯವಿಲ್ಲ.

ಮೈಸೂರಿನಲ್ಲಿ ಇದು ಪುಸ್ತಕದ ವಿಷಯವಲ್ಲ. ದೇವರಾಜ ಮಾರುಕಟ್ಟೆಯಿಂದ ದಿನವೂ ಮನೆಮನೆಗೆ ಬರುವ ಮಲ್ಲಿಗೆ ದಂಡೆಯನ್ನು ಹತ್ತಿಯ ದಾರದಲ್ಲಿ ಕಟ್ಟಿರುವುದೇ ಹೆಚ್ಚು. ಬಾಳೆನಾರಿನಲ್ಲಿ ಕಟ್ಟಿದ ದಂಡೆ ಹುಡುಕಿದರೆ ಸಿಗುತ್ತದೆ. ಹೂ ಬಾಡಿದ ಮೇಲೆ ಉಳಿಯುವ ದಾರ, ರೇಷ್ಮೆ ಸೀರೆಯ ಕುಚ್ಚಿನ ಎಳೆ, ಶ್ರೀರಂಗಪಟ್ಟಣದ ಹೊಳೆದಂಡೆಯಲ್ಲಿ ಮೀನಿನ ತಲೆಯ ಜೊತೆಗೇ ಬಿಸಾಡಿದ ಗಾಳದ ಹುರಿ, ಇವೆಲ್ಲ ಬೆಕ್ಕಿಗೆ ಆಟದ ವಸ್ತುಗಳು. ನುಂಗಿದ ದಾರದ ಒಂದು ಕುಣಿಕೆ ನಾಲಿಗೆಯ ಬುಡಕ್ಕೆ ಸುತ್ತಿಕೊಳ್ಳುತ್ತದೆ, ಇಲ್ಲವೇ ಗಂಟಾಗಿ ಜಠರದ ಕೆಳದ್ವಾರದಲ್ಲಿ ನಿಲ್ಲುತ್ತದೆ. ಒಂದು ತುದಿ ಹೀಗೆ ಕಚ್ಚಿಕೊಂಡಿರುವಾಗ ಉಳಿದ ದಾರವನ್ನು ಕರುಳು ಮುಂದಕ್ಕೆ ತಳ್ಳಲು ಯತ್ನಿಸುತ್ತಲೇ ಇರುವುದರಿಂದ, ಲಾಡಿ ಎಳೆದಾಗ ಲಂಗದ ಸೊಂಟ ಸುಕ್ಕುಗಟ್ಟುವಂತೆ ಕರುಳೇ ದಾರದ ಮೇಲೇರಿ ನಿರಿಗೆಗಟ್ಟುತ್ತದೆ. ಬಿಗಿದ ದಾರ ಕ್ರಮೇಣ ಕರುಳಿನ ಒಳಬಾಗಿನ ಅಂಚನ್ನು, ಅಂದರೆ ರಕ್ತನಾಳಗಳನ್ನು ಹೊತ್ತ ಪಟಲ ಕೂಡಿಕೊಳ್ಳುವ ಕಡೆಯನ್ನೇ, ಕೊಯ್ಯಬಲ್ಲದು. ಬಾಯಿಯಿಂದಲೋ ಗುದದಿಂದಲೋ ದಾರದ ತುದಿ ಇಣುಕಿದರೆ ಎಳೆಯಬಾರದೆಂದೂ, ಹಾಗೆಯೇ ಪಶುವೈದ್ಯರ ಬಳಿಗೆ ಒಯ್ಯಬೇಕೆಂದೂ ಹೇಳುವುದು ಈ ಕಾರಣಕ್ಕೆ. ವಾಂತಿ ಮಾಡುತ್ತಿರುವ ಬೆಕ್ಕಿನ ನಾಲಿಗೆಯನ್ನು ಎತ್ತಿ ಕೆಳಭಾಗವನ್ನು ನೋಡುವುದು ವೈದ್ಯರ ವಾಡಿಕೆ. ಮಾದರಿಯ ನಾಲಿಗೆ ಎತ್ತಲು ಬರುವುದಿಲ್ಲ. ಕೆಳದವಡೆಗೆ ಅಚ್ಚಿನಲ್ಲೇ ಅಂಟಿಕೊಂಡಿದೆ.

ಆದರೂ ಸಿಲಿಕೋನ್ ಕರುಳು ಈ ಪಾಠದಲ್ಲಿ ನಮ್ಮ ನೆರವಿಗೆ ಬಂತು. ಕೊಳವೆಯೊಳಗೆ ದಪ್ಪ ನೂಲನ್ನು ಪೋಣಿಸಿ, ಒಂದು ತುದಿಯನ್ನು ಜಠರದ ಬಾಗಿಲಲ್ಲಿ ಸಿಕ್ಕಿಸಿ, ಇನ್ನೊಂದನ್ನು ನಿಧಾನವಾಗಿ ಎಳೆದರೆ ಕರುಳು ಕಣ್ಣೆದುರೇ ನಿರಿಗೆಯಾಗುತ್ತದೆ. ವಿದ್ಯಾರ್ಥಿಯೊಬ್ಬಳು ತುಸು ಜೋರಾಗಿ ಎಳೆದಾಗ ನೂಲು ಸಿಲಿಕೋನಿನಲ್ಲಿ ಗೀರು ಮೂಡಿಸಿತು. ಆ ಗೀರನ್ನು ಈಗ ಬೇಕೆಂದೇ ಎಲ್ಲರಿಗೂ ತೋರಿಸುತ್ತೇವೆ.

ಅನ್ನನಾಳದ ವಿಷಯದಲ್ಲಿ ತಯಾರಕರು ಏನನ್ನೂ ಮಾಡಿಲ್ಲವೆಂದೇ ಹೇಳಬೇಕು. ಉದ್ದಕ್ಕೆ ಸೀಳಿ ಒಳಗನ್ನು ತೋರಿಸಿದ್ದಾರೆ, ಒಳಗೆ ಉದ್ದುದ್ದ ಮಡಿಕೆಗಳಿವೆ, ಅಷ್ಟೇ. ನಾಯಿಯ ಅನ್ನನಾಳದ ಗೋಡೆ ಕೊನೆಯವರೆಗೂ ಪಟ್ಟೆಸ್ನಾಯುವಿನದು. ಬೆಕ್ಕಿನಲ್ಲಿ ಕೆಳಗಿನ ಮೂರನೆಯ ಒಂದು ಭಾಗಕ್ಕೆ ಬರುವಷ್ಟರಲ್ಲಿ ಅದು ನಯಸ್ನಾಯುವಾಗಿ ಬದಲಾಗಿರುತ್ತದೆ, ಒಳಪದರದಲ್ಲಿ ಅಡ್ಡ ಮಡಿಕೆಗಳು ಮೂಡಿರುತ್ತವೆ. ಬೇರಿಯಂ ಕುಡಿಸಿ ಎಕ್ಸ್-ರೇ ತೆಗೆದರೆ ಅವು ಮೀನಿನ ಮುಳ್ಳಿನ ವಿನ್ಯಾಸದಲ್ಲಿ ಕಾಣಿಸುತ್ತವೆ. ಮಾದರಿಯಲ್ಲಿ ಅಡ್ಡ ಗೆರೆಗಳನ್ನು ಕೊರೆದಿದ್ದರೆ ಸಾಕಾಗಿತ್ತು. ಬೆಕ್ಕಿಗೆ ಒಣ ಮಾತ್ರೆ ನುಂಗಿಸಿ ಸುಮ್ಮನಾಗುವ ಅಭ್ಯಾಸ ನಮ್ಮಲ್ಲಿ ಬಹಳ ಇರುವುದರಿಂದ ಅನ್ನನಾಳದ ಪಾಠ ಮುಖ್ಯವಾದದ್ದು. ಹಾಗೆ ಕೊಟ್ಟ ಮಾತ್ರೆ ಜಠರವನ್ನು ಮುಟ್ಟದೆ ಅನ್ನನಾಳದಲ್ಲೇ ಬಹಳ ಹೊತ್ತು ಕೂರಬಹುದು. ಡಾಕ್ಸಿಸೈಕ್ಲಿನ್ ಮತ್ತು ಕ್ಲಿಂಡಾಮೈಸಿನ್‌ನಂಥ ಆಂಟಿಬಯೋಟಿಕ್‌ಗಳು ಅಲ್ಲೇ ಕರಗಿದರೆ ಒಳಪದರ ಸುಟ್ಟು, ಹುಣ್ಣು ಮಾಯುವಾಗ ನಾಳ ಕಿರಿದಾಗಿ, ಮುಂದೆ ಗಟ್ಟಿ ಆಹಾರವೇ ಇಳಿಯದಂತಾಗಬಹುದು. ಮಾತ್ರೆಯ ಹಿಂದೆಯೇ ಸಿರಿಂಜಿನಲ್ಲಿ ಐದಾರು ಮಿಲಿಲೀಟರ್ ನೀರನ್ನಾದರೂ ಕುಡಿಸಬೇಕೆಂಬ ಸಲಹೆಯ ಹಿಂದಿರುವ ಅಂಗರಚನೆ ಇಷ್ಟೇ.

ಜಠರಕ್ಕೆ ಬಂದರೆ ಮೆಚ್ಚುಗೆಯ ಮಾತುಗಳೇ ಹೆಚ್ಚು. ಬೆಕ್ಕಿನ ಜಠರ ಒಂದೇ ಕೋಣೆಯದು. ನಾಯಿಯದಕ್ಕಿಂತ ಚೂಪಾಗಿ ಬಾಗಿದ್ದು, ಅದರ ಕೆಳದ್ವಾರ ನಾಯಿಯಲ್ಲಿರುವಂತೆ ಬಲಕ್ಕೆ ಸರಿಯದೆ ದೇಹದ ನಡುಗೆರೆಯ ಹತ್ತಿರವೇ ನಿಲ್ಲುತ್ತದೆ. ಮಾದರಿ ಈ ಬಾಗನ್ನು ಸರಿಯಾಗಿ ಹಿಡಿದಿದೆ. ಮುಚ್ಚಳ ತೆಗೆದರೆ ಒಳಗಿನ ಮಡಿಕೆಗಳೂ ಕಾಣುತ್ತವೆ. ಒಳಗೆ ಹಿಡಿಯುವ ಗಾತ್ರವೂ ನಂಬುವಂತಿದೆ: ನೀರು ತುಂಬಿ ಅಳೆದಾಗ 300 ಮಿಲಿಲೀಟರ್ ಆಸುಪಾಸಿಗೆ ಬಂತು, ವಯಸ್ಕ ಬೆಕ್ಕಿನ ಜಠರಕ್ಕೆ ಹೇಳುವ ಅಳತೆಗೆ ಇದು ಹತ್ತಿರವಾಗಿದೆ. ದಿನಕ್ಕೆ ಹತ್ತರಿಂದ ಇಪ್ಪತ್ತು ಸಲ ಇಲಿಯಷ್ಟು, ಹಲ್ಲಿಯಷ್ಟು ಚಿಕ್ಕ ಊಟ ಮಾಡುವ ಪ್ರಾಣಿಗೆ ಇದಕ್ಕಿಂತ ದೊಡ್ಡ ಚೀಲ ಬೇಕಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತಟ್ಟೆ ತುಂಬ ಅನ್ನ ಹಾಲು ಕಲಸಿಟ್ಟು, ತಿಂದು ಕಕ್ಕಿತೆಂದು ಬೈಯುವವರು ಈ ಜಠರವನ್ನು ಒಮ್ಮೆ ಅಂಗೈಯಲ್ಲಿ ಹಿಡಿದು ನೋಡಬೇಕು.

ಸಣ್ಣ ಕರುಳು ಈ ಮಾದರಿಯ ಅತ್ಯುತ್ತಮ ಭಾಗ. ಪಟಲದಿಂದ ಬಿಡಿಸಿ ಮೇಜಿನ ಮೇಲೆ ನೀಳವಾಗಿ ಹಾಕಬಹುದು. ಟೇಪು ಹಿಡಿದರೆ 1.3 ಮೀಟರ್; ಬೆಕ್ಕಿನಲ್ಲಿ ಅದು ಸಾಮಾನ್ಯವಾಗಿ 1ರಿಂದ 1.5 ಮೀಟರ್ ಇರುತ್ತದೆ. ದೇಹದ ಉದ್ದಕ್ಕೆ ಹೋಲಿಸಿದರೆ ಬೆಕ್ಕಿನ ಕರುಳು ಸುಮಾರು ನಾಲ್ಕು ಪಟ್ಟು, ನಾಯಿಯದು ಆರು ಪಟ್ಟು. ಮಾಂಸವನ್ನು ಜೀರ್ಣಿಸಲು ಉದ್ದವಾದ ಕರುಳು ಬೇಡ. ಸೊಪ್ಪು ಕಾಳುಗಳಿಗೆ ಬೇಕು. ಬೆಕ್ಕಿನ ಮೇದೋಜೀರಕ ಗ್ರಂಥಿ ಸ್ರವಿಸುವ ಅಮೈಲೇಸ್ ನಾಯಿಯದಕ್ಕಿಂತ ಬಹಳ ಕಡಿಮೆ. ಸಿಹಿರುಚಿಯ ಗ್ರಾಹಕಕ್ಕೆ ಬೇಕಾದ ಜೀನುಗಳಲ್ಲೊಂದು ಬೆಕ್ಕಿನ ಕುಲದಲ್ಲಿ ಕೆಟ್ಟುಹೋಗಿರುವುದನ್ನು 2005ರಲ್ಲಿ ಗುರುತಿಸಲಾಯಿತು. ಮುದ್ದೆಯ ಚೂರನ್ನು ಸಾರಿನಲ್ಲಿ ಅದ್ದಿ ಕೊಟ್ಟರೆ ಮಂಡ್ಯದ ಬೆಕ್ಕು ತಿನ್ನುವುದುಂಟು, ಬೇಯಿಸಿದ ಪಿಷ್ಟ ಸ್ವಲ್ಪಮಟ್ಟಿಗೆ ಅರಗುವುದೂ ಉಂಟು. ಆದರೆ ಅದು ಸಾರಿನಲ್ಲಿರುವ ಮಾಂಸದ ವಾಸನೆಗೆ ಬಂದದ್ದೇ ಹೊರತು ರಾಗಿಯ ಮೇಲಿನ ಪ್ರೀತಿಗಲ್ಲ. ಹಾಲಿನ ವಿಷಯವೂ ಇಷ್ಟೇ. ಮರಿತನ ಕಳೆದಂತೆ ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಇಳಿಯುವುದರಿಂದ ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಬೆಕ್ಕಿನ ಗುಟ್ಟು ಎಷ್ಟೋ ವೇಳೆ ಬೇಧಿಯಲ್ಲಿ ರಟ್ಟಾಗುತ್ತದೆ.

ಇನ್ನು ನನ್ನ ಮುಖ್ಯ ತಕರಾರು. ಜಠರದ ಕೆಳದ್ವಾರವನ್ನು ದಾಟಿ ಸುಮಾರು ಮೂರು ಸೆಂಟಿಮೀಟರ್ ಹೋದರೆ, ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುಯೊಡಿನಮ್ಮಿನ ಒಳಗೋಡೆಯಲ್ಲಿ ಒಂದು ಸಣ್ಣ ಮೊಲೆತೊಟ್ಟಿನಂಥ ಉಬ್ಬಿದೆ. ಬೆಕ್ಕಿನಲ್ಲಿ ಯಕೃತ್ತಿನಿಂದ ಬರುವ ಪಿತ್ತನಾಳವೂ ಮೇದೋಜೀರಕದ ಮುಖ್ಯ ನಾಳವೂ ಒಂದಾಗಿ ಈ ಉಬ್ಬಿನ ಮೂಲಕವೇ ಕರುಳಿಗೆ ತೆರೆದುಕೊಳ್ಳುತ್ತವೆ. ಎರಡನೆಯದಾದ ಸಹಾಯಕ ನಾಳ ಐದರಲ್ಲಿ ಒಂದು ಬೆಕ್ಕಿಗೆ ಮಾತ್ರ ಇರುತ್ತದೆ. ನಾಯಿಯಲ್ಲಿ ವ್ಯವಸ್ಥೆ ಬೇರೆ: ಅಲ್ಲಿ ಮೇದೋಜೀರಕ ರಸದ ಹೆಚ್ಚಿನ ಪಾಲು ಸಹಾಯಕ ನಾಳದಲ್ಲೇ ಹರಿದು, ಕೆಳಗಿನ ಇನ್ನೊಂದು ಪುಟ್ಟ ಉಬ್ಬಿನಲ್ಲಿ ಪ್ರತ್ಯೇಕವಾಗಿ ತೆರೆದುಕೊಳ್ಳುತ್ತದೆ. ನಮ್ಮ ಮಾದರಿಯಲ್ಲಿ ಎರಡು ಉಬ್ಬುಗಳಿವೆ. ಮೇಲಿನದಕ್ಕೆ ಹಸಿರು ಪಿತ್ತನಾಳ ಒಂಟಿಯಾಗಿ ಬಂದು ಸೇರುತ್ತದೆ, ಕೆಳಗಿನದಕ್ಕೆ ದಪ್ಪನೆಯ ಹಳದಿ ನಾಳ. ಅಂದರೆ ನಾಯಿಯ ಚಿತ್ರವನ್ನು ಯಥಾವತ್ತಾಗಿ ನಕಲು ಮಾಡಿದ್ದಾರೆ.

ಇದು ಪಂಡಿತರ ಕಿರಿಕಿರಿಯೆಂದು ಯಾರಾದರೂ ಭಾವಿಸಿದರೆ, ವಯಸ್ಸಾದ ಬೆಕ್ಕುಗಳನ್ನು ನೋಡುವ ಪಶುವೈದ್ಯರನ್ನು ಕೇಳಬಹುದು. ಎರಡು ನಾಳಗಳಿಗೂ ಒಂದೇ ಬಾಗಿಲಿರುವುದರಿಂದ, ಕರುಳಿನಿಂದ ಬ್ಯಾಕ್ಟೀರಿಯಾಗಳು ಆ ಬಾಗಿಲಲ್ಲಿ ಮೇಲಕ್ಕೇರಿದರೆ ಯಕೃತ್ತಿನ ನಾಳಗಳೂ ಮೇದೋಜೀರಕವೂ ಒಟ್ಟಿಗೆ ಕೆಡುವ ಸಾಧ್ಯತೆಯಿದೆ. ಕರುಳು, ಪಿತ್ತನಾಳಗಳು ಮತ್ತು ಮೇದೋಜೀರಕ ಮೂರರಲ್ಲೂ ಏಕಕಾಲಕ್ಕೆ ಉರಿಯೂತ ಕಾಣಿಸಿಕೊಳ್ಳುವ, ವೈದ್ಯರು ಟ್ರಯಾಡೈಟಿಸ್ ಎಂದು ಕರೆಯುವ ಸ್ಥಿತಿ ಬೆಕ್ಕಿನಲ್ಲೇ ವಿಶೇಷವಾಗಿ ಕಾಣುವುದಕ್ಕೆ ಈ ಒಂದೇ ಬಾಗಿಲನ್ನು ಕಾರಣವಾಗಿ ಹೇಳುತ್ತಾರೆ. ಆಹಾರ ಬಿಟ್ಟು, ಮಂಕಾಗಿ, ಆಗಾಗ ವಾಂತಿ ಮಾಡುವ ಬೆಕ್ಕಿಗೆ ಹೊಟ್ಟೆಯ ಅಲ್ಟ್ರಾಸೌಂಡ್ ಬರೆದುಕೊಟ್ಟಾಗ ಖರ್ಚು ಮಾಡಿಸುವ ಹುನ್ನಾರವೆಂದು ಗೊಣಗುವ ಮೊದಲು ಈ ಮೂರು ಅಂಗಗಳು ಎಷ್ಟು ಹತ್ತಿರ ಕಟ್ಟಿಹಾಕಿಕೊಂಡಿವೆಯೆಂದು ನೋಡಿದರೆ ಒಳ್ಳೆಯದು. ಅದನ್ನು ನೋಡಲೆಂದೇ ಮಾದರಿ ಕೊಳ್ಳುವುದು. ಈ ಮಾದರಿಯಲ್ಲಿ ಅದೇ ಇಲ್ಲ. ಕೊನೆಗೆ ನಾವೇ ಕೆಳಗಿನ ಉಬ್ಬನ್ನು ಬ್ಲೇಡಿನಿಂದ ಕೆತ್ತಿ ಸಮ ಮಾಡಿ, ಎಂ-ಸೀಲ್ ಹೊಸೆದು ಹೊಸ ನಾಳವೊಂದನ್ನು ಮಾಡಿ, ಹಳದಿ ನೇಲ್ ಪಾಲಿಶ್ ಬಳಿದು ಮೇಲಿನ ಉಬ್ಬಿಗೆ ಸೇರಿಸಿದೆವು. ಒಣಗಿದ ಮೇಲೆ ತಯಾರಕರ ಕೆಲಸಕ್ಕಿಂತ ಕೆಟ್ಟದಾಗಿಯೇನೂ ಕಾಣುವುದಿಲ್ಲ.

ಯಕೃತ್ತಿನ ಆರು ಹಾಲೆಗಳು ಸರಿಯಾಗಿವೆ, ಪಿತ್ತಕೋಶ ಇರಬೇಕಾದಲ್ಲೇ ಬಲನಡು ಹಾಲೆಗೂ ಚೌಕ ಹಾಲೆಗೂ ನಡುವೆ ಇದೆ. ಜೊತೆಗೆ ಬಂದ ಕೈಪಿಡಿ ಪಿತ್ತರಸದ ಬಗ್ಗೆ ಎರಡು ಸಾಲು ಹೇಳಿ ಮುಗಿಸುವುದರಿಂದ ಉಳಿದದ್ದನ್ನು ಪಾಠ ಮಾಡುವವರೇ ಸೇರಿಸಬೇಕಾಗುತ್ತದೆ. ಬೆಕ್ಕು ಪಿತ್ತಾಮ್ಲಗಳನ್ನು ಟಾರಿನ್ ಎಂಬ ಅಮೈನೋ ಆಮ್ಲದ ಜೊತೆಗೆ ಮಾತ್ರ ಕೂಡಿಸಬಲ್ಲದು, ಟಾರಿನ್ ಕೊರತೆಯಾದರೆ ಗ್ಲೈಸಿನ್ ಬಳಸಿಕೊಳ್ಳಲು ಅದಕ್ಕೆ ಬರುವುದಿಲ್ಲ. ಸಾಕಷ್ಟು ಟಾರಿನ್ನನ್ನು ತಾನೇ ತಯಾರಿಸಿಕೊಳ್ಳಲೂ ಬಾರದು. ಮುಖ್ಯವಾಗಿ ಮಾಂಸ ಮೀನುಗಳಲ್ಲಿ ಸಿಗುವ ಈ ವಸ್ತುವಿಲ್ಲದೆ ಬೆಕ್ಕಿನ ಅಕ್ಷಿಪಟಲ ಹಾಳಾಗುತ್ತದೆಂದು 1975ರಲ್ಲೂ, ಹೃದಯದ ಸ್ನಾಯು ಸೋಲುತ್ತದೆಂದು 1987ರಲ್ಲೂ ತಿಳಿದುಬಂತು. ಬೆಕ್ಕನ್ನು ಸಂಪೂರ್ಣ ಸಸ್ಯಾಹಾರಿಯನ್ನಾಗಿ ಸಾಕುತ್ತೇವೆಂದು ಹೆಮ್ಮೆಪಡುವ ಮನೆಗಳು ನಮ್ಮ ಅಗ್ರಹಾರಗಳಲ್ಲಿ ಇವೆ; ಹಾಗೆ ಸಾಕಿದ ಬೆಕ್ಕು ಬದುಕಿದ್ದರೆ ಅದಕ್ಕೆ ಕಾರಣ ಪಕ್ಕದ ಬೀದಿಯ ಇಲಿಗಳು. ಕೊಬ್ಬಿದ ಬೆಕ್ಕು ಕೆಲವೇ ದಿನ ಏನೂ ತಿನ್ನದಿದ್ದರೂ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಕ್ಕೇ ಕುತ್ತಾಗಬಹುದೆಂಬ ಮಾತನ್ನೂ ಇಲ್ಲೇ ಹೇಳಬೇಕು.

ದೊಡ್ಡ ಕರುಳಿನ ಆರಂಭದಲ್ಲಿ ಮತ್ತೆ ನಾಯಿ ಹಾಜರಾಗುತ್ತದೆ. ಬೆಕ್ಕಿನ ಸೀಕಮ್ ಎರಡರಿಂದ ನಾಲ್ಕು ಸೆಂಟಿಮೀಟರಿನ, ಅಲ್ಪವಿರಾಮ ಚಿಹ್ನೆಯ ಆಕಾರದ ಕುರುಡುಚೀಲ. ನಾಯಿಯದು ಸುರುಳಿ ಸುತ್ತಿಕೊಂಡದ್ದು. ಮಾದರಿಯಲ್ಲಿರುವುದು ಸುರುಳಿ. ಇದರಿಂದ ಯಾರಿಗೂ ತೊಂದರೆಯಾಗದಿದ್ದರೂ ಅಚ್ಚು ಎಲ್ಲಿಂದ ಬಂತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಮುಂದಿನ ಕೋಲನ್, ಅಂದರೆ ದೊಡ್ಡ ಕರುಳಿನ ಮುಖ್ಯ ಭಾಗ, ಸರಳವಾಗಿ, ಮನುಷ್ಯರದರಂತೆ ಉಬ್ಬುತಗ್ಗುಗಳಿಲ್ಲದೆ ಇದೆ, ಅದು ಸರಿ. ಅದು ಸೊಂಟದ ಮೂಳೆಗಳ ನಡುವೆ ಹಾದುಹೋಗುವುದನ್ನು ತೋರಿಸಲು ಆ ಮೂಳೆಗಳನ್ನೂ ಇಟ್ಟಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಸ್ಕೂಟರಿಗೆ ಸಿಕ್ಕಿ ಸೊಂಟ ಮುರಿದು ತಾನಾಗಿ ಕೂಡಿಕೊಂಡ ಬೆಕ್ಕುಗಳಲ್ಲಿ ದಾರಿ ಕಿರಿದಾಗಿ, ಮಲ ಕಟ್ಟಿ, ಕೋಲನ್ ಮತ್ತೆ ಕುಗ್ಗಲಾರದಷ್ಟು ಹಿಗ್ಗಿಬಿಡುವುದನ್ನು ವಿವರಿಸಲು ಈಗ ಹಲಗೆಯ ಮೇಲೆ ಚಿತ್ರ ಬರೆಯಬೇಕಾಗಿದೆ. ಗುದದ ಇಕ್ಕೆಲದ ಚೀಲಗಳನ್ನು, ಗಡಿಯಾರದ ನಾಲ್ಕು ಮತ್ತು ಎಂಟು ಗಂಟೆಯ ಸ್ಥಾನಗಳಲ್ಲಿ, ಮರೆಯದೆ ತೋರಿಸಿದ್ದಾರೆ.

ಗುರುತು ಸಂಖ್ಯೆಗಳ ವಿವರಪಟ್ಟಿ ಇಂಗ್ಲಿಷಿನಲ್ಲಿ ಮಾತ್ರ ಇದೆ, ಅಕ್ಷರಗಳು ತೀರ ಸಣ್ಣವು. ಕನ್ನಡದ ಪಟ್ಟಿಯನ್ನು ನಾವೇ ಮಾಡಿ ಲ್ಯಾಮಿನೇಟ್ ಮಾಡಿಸಿಕೊಂಡೆವು. ಅಂಗಡಿಯವರ ವ್ಯವಹಾರ ಸಭ್ಯವಾಗಿತ್ತು. ಪಿತ್ತನಾಳದ ದೋಷವನ್ನು ತೋರಿಸಿದಾಗ, ಇದುವರೆಗೆ ಯಾರೂ ಮುಚ್ಚಳ ತೆಗೆದು ನೋಡಿರಲಿಲ್ಲ ಸಾರ್, ಎಂದರು. ಮಾಲು ವಾಪಸು ಪಡೆಯಲು ಒಪ್ಪಲಿಲ್ಲ, ಬೇರೆ ಮಾದರಿಯೂ ಅವರಲ್ಲಿರಲಿಲ್ಲ.

ಪದವಿ ಕಾಲೇಜುಗಳು ಇದನ್ನು ಕೊಳ್ಳಬಹುದು, ಏಕೆಂದರೆ ಸಿಲಿಕೋನ್ ಕರುಳಿನಿಂದ ಕಲಿಸಬಹುದಾದದ್ದು ಚಿತ್ರಪಟದಿಂದ ಆಗುವುದಿಲ್ಲ. ತಪ್ಪುಗಳನ್ನು ಹುಡುಕಿಸುವುದನ್ನೇ ಒಂದು ಪ್ರಯೋಗವಾಗಿ ಇಟ್ಟುಕೊಂಡರೂ ನಡೆದೀತು. ಪಶುವೈದ್ಯರ ಮೇಜಿಗೆ ಈಗಿರುವ ಸ್ಥಿತಿಯಲ್ಲಿ ಶಿಫಾರಸು ಮಾಡಲಾರೆ. ಇಬ್ಬರೂ ಹಣ ಕೊಡುವ ಮೊದಲು ಅಂಗಡಿಯಲ್ಲೇ ಡ್ಯುಯೊಡಿನಮ್ಮಿನ ಮುಚ್ಚಳ ತೆಗೆದು ಉಬ್ಬುಗಳನ್ನು ಎಣಿಸಬೇಕು, ಆಮೇಲೆ ಸೀಕಮ್ಮನ್ನು ನೋಡಬೇಕು. ಎರಡು ಉಬ್ಬೂ ಸುರುಳಿಯೂ ಕಂಡರೆ ಅದೇ ಅಚ್ಚಿನ ಮಾಲು, ಬೆಲೆ ಇಳಿಸಿ ಕೇಳಬಹುದು.